ರೈಲು ನಿಲ್ಲದ ಬಯಲು

ಮಾವ ದೊಡ್ಡಳಿಯನನ್ನು ‘ನೀವು’ ಎನ್ನುತ್ತಿದ್ದರು. ಚಿಕ್ಕಳಿಯನನ್ನು ‘ಲೋ’ ಎನ್ನುತ್ತಿದ್ದರು. ದೊಡ್ಡಳಿಯನ ಹೊಟ್ಟೆಯುರಿ ಶುರುವಾದದ್ದು ಇಲ್ಲಿಂದ ಎಂದರೆ ಹೊರಗಿನವರಿಗೆ ನಗು ಬಂದೀತು. ಮರ್ಯಾದೆ ಕೊಟ್ಟಿದ್ದಕ್ಕೆ ಯಾರಾದರೂ ಸಂಕಟಪಡುತ್ತಾರೆಯೇ? ಆದರೆ ‘ತಿಂಡಿ ಆಯ್ತಾ ಅಳಿಯಂದಿರೇ’ ಎಂದು ತನ್ನನ್ನು ಕೇಳಿದ ಬಾಯಿಯೇ ಮರುಗಳಿಗೆ ಫೋನಿನಲ್ಲಿ ‘ಲೋ ಕತ್ತೆ, ಎಲ್ಲಿ ಸತ್ತಿದ್ಯೋ ಇಷ್ಟು ದಿನ’ ಎಂದು ಚಿಕ್ಕಳಿಯನನ್ನು ಬೈಯುವಾಗ, ಆ ಬೈಗುಳ ತನಗೆ ಸಿಗಬಾರದಿತ್ತೇ ಎಂದು ಅವನ ಜೀವ ಚಡಪಡಿಸುತ್ತಿತ್ತು. ಅವನಿಗೆ ಅಪ್ಪನ ಮುಖ ನೆನಪಿಲ್ಲ. ಮದುವೆಯಾದಾಗ ಹೆಂಡತಿಯ ಜೊತೆ ಒಬ್ಬ ಅಪ್ಪನೂ ಸಿಕ್ಕ ಎಂದುಕೊಂಡಿದ್ದ.

ಅವನದು ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ತುಂಬ ಕಂಬಿಗೆ ನೇತುಹಾಕಿದ ಕೋಟುಗಳು, ಕಾಲರಿಗೆ ಪಿನ್ನು ಚುಚ್ಚಿದ ನಂಬರಿನ ಚೀಟಿಗಳು, ಬುಸುಗುಡುವ ಹಬೆಯ ಇಸ್ತ್ರಿ. ಮೇಲಿನ ಮನೆಯ ರಸ್ತೆ ಬದಿಯ ಕೋಣೆಯಲ್ಲಿ ಮಾವ ಇದ್ದರು. ಅತ್ತೆ ತೀರಿಕೊಂಡ ಮೇಲೆ ಅವನೇ ಹೋಗಿ ಕರೆದುಕೊಂಡು ಬಂದಿದ್ದ. ಅವರ ರಕ್ತದೊತ್ತಡದ ಮಾತ್ರೆ ತರುವವನು ಅವನು, ಹಲ್ಲಿನ ಸೆಟ್ಟು ಸಡಿಲವಾದರೆ ಡಾಕ್ಟರ ಹತ್ತಿರ ಓಡುವವನು ಅವನು, ಮಂಡಿಗೆ ಕಟ್ಟುವ ಪಟ್ಟಿ ಒಗೆದು ಒಣಗಿಸುವವನೂ ಅವನೇ. ಮಾವ ಪ್ರತಿಯೊಂದಕ್ಕೂ ‘ನಿಮಗೆ ತೊಂದರೆ’ ಎನ್ನುತ್ತಿದ್ದರು.

ಚಿಕ್ಕಳಿಯ, ಎಂದರೆ ನಾದಿನಿಯ ಗಂಡ, ಊರಿನ ಈಜುಕೊಳದಲ್ಲಿ ಈಜು ಕಲಿಸುವ ಮೇಷ್ಟ್ರು. ಯಾವಾಗ ನೋಡಿದರೂ ಒದ್ದೆ ತಲೆ, ಕೊರಳಲ್ಲಿ ಸೀಟಿ, ಕೊಳದ ಆಚೆ ದಡಕ್ಕೆ ಕೇಳಿಸುವಂಥ ಗಂಟಲು. ಅವನ ಹತ್ತಿರ ಒಂದು ಹಳೆಯ ಜೀಪಿತ್ತು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂಥದ್ದು, ತಲೆಯ ಮೇಲೆ ಕಬ್ಬಿಣದ ಕ್ಯಾರಿಯರು, ಹಿಂದೆ ನೀರಿನ ಕ್ಯಾನುಗಳು. ರಜೆ ಬಂತೆಂದರೆ ಅದನ್ನು ತಂದು ಲಾಂಡ್ರಿಯ ಎದುರು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದ. ಮೆಟ್ಟಿಲು ಇಳಿಯುವಾಗ ದಿನವೂ ಗೋಡೆ ಹಿಡಿದುಕೊಳ್ಳುವ ಮಾವ, ಆ ಹಾರ್ನ್ ಕೇಳಿದರೆ ಚೀಲ ಹೆಗಲಿಗೆ ಹಾಕಿಕೊಂಡು ದಡದಡನೆ ಇಳಿದುಬರುತ್ತಿದ್ದರು. ದೊಡ್ಡಳಿಯ ಇಸ್ತ್ರಿ ಹಿಡಿದುಕೊಂಡೇ ನೋಡುತ್ತ ನಿಲ್ಲುತ್ತಿದ್ದ. ಜೀಪು ತಿರುವು ದಾಟಿದ ಮೇಲೂ ಅವರಿಬ್ಬರ ನಗು ರಸ್ತೆಯಲ್ಲೇ ಉಳಿದಂತೆ ಅನ್ನಿಸುತ್ತಿತ್ತು.

ಹೋಗುತ್ತಿದ್ದದ್ದು ಬಯಲಿಗೆ. ಮಾವ ಗೂಡ್ಸ್ ರೈಲಿನ ಇಂಜಿನ್ ಓಡಿಸಿದವರು. ಕೆಲಸ ಮಾಡಿದಷ್ಟು ಕಾಲ ಒಂದೇ ಮಾರ್ಗ. ಆ ಮಾರ್ಗದ ನಡುವೆ ನಿಲ್ದಾಣವಿಲ್ಲದ, ಊರಿಲ್ಲದ, ಕಣ್ಣು ಹರಿದಷ್ಟೂ ಬರಿದಾದ ಒಂದು ನೆಲ ಬರುತ್ತಿತ್ತು. ಒಂದು ಒಣಗಿದ ಕೆರೆ, ಅದರಾಚೆ ಒಂಟಿ ಗುಡ್ಡ. ಬೆಳಗಿನಲ್ಲಿ, ಬೆಳದಿಂಗಳಲ್ಲಿ, ಮಂಜಿನಲ್ಲಿ ಅದನ್ನು ಕಿಟಕಿಯಿಂದ ನೋಡುತ್ತ ದಾಟಿದ್ದರು, ಹಳಿ ಬಿಟ್ಟು ಒಮ್ಮೆಯೂ ಅದರೊಳಗೆ ಕಾಲಿಟ್ಟಿರಲಿಲ್ಲ. ಅಲ್ಲಿ ರೈಲು ನಿಲ್ಲುವುದಿಲ್ಲ, ರಸ್ತೆ ಹೋಗುವುದಿಲ್ಲ. ಅಲ್ಲಿಗೊಮ್ಮೆ ಹೋಗಬೇಕೆಂಬ ಆಸೆಯನ್ನು ಅವರು ಹೇಳಿದ್ದು ಚಿಕ್ಕಳಿಯನ ಎದುರು. ಅವನು ‘ಜೀಪು ಹತ್ತಿ ಮಾವ’ ಎಂದು ಅದೇ ವಾರ ಕರೆದುಕೊಂಡು ಹೋಗಿಯೇಬಿಟ್ಟ. ಅಂದಿನಿಂದ ಅದು ಅವರಿಬ್ಬರ ಜಾಗವಾಯಿತು.

ಊರಿನ ಹೊರಗೆ ಸರೋವರದ ದಡದಲ್ಲಿ ಸರ್ಕಾರದ ಶಿಬಿರತಾಣ ಇತ್ತು. ಡೇರೆ ಹಾಕಲು ನಂಬರಿನ ಕಟ್ಟೆ, ನಲ್ಲಿ, ಶೌಚಾಲಯ, ಕರೆಂಟು ಎಲ್ಲ ಇದ್ದ ಜಾಗ. ಒಮ್ಮೆ ದೊಡ್ಡಳಿಯ ಅಲ್ಲಿ ಒಂದು ಕಟ್ಟೆ ಗೊತ್ತುಮಾಡಿ, ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದ. ಮಾವ ಕುರ್ಚಿಯಲ್ಲಿ ಕೂತು, ಅಕ್ಕಪಕ್ಕದ ಡೇರೆಗಳ ಟೀವಿ ಸದ್ದು ಕೇಳುತ್ತ, ‘ಚೆನ್ನಾಗಿದೆ ಅಳಿಯಂದಿರೇ, ಬಹಳ ಅನುಕೂಲ’ ಎಂದರು. ಆಮೇಲೆ ಚಿಕ್ಕಳಿಯನಿಗೆ ಫೋನಿನಲ್ಲಿ, ‘ಪ್ಲಾಟ್‌ಫಾರಂ ಮೇಲೆ ಮಲಗಿದ ಹಾಗಿತ್ತು ಕಣೋ’ ಎಂದದ್ದು ಗೋಡೆಯಾಚೆಯಿಂದ ಕೇಳಿಸಿತು. ಆ ದಿನ ದೊಡ್ಡಳಿಯ ಯಾರದೋ ರೇಷ್ಮೆ ಅಂಗಿಯನ್ನು ಇಸ್ತ್ರಿಯಲ್ಲಿ ಸುಟ್ಟುಹಾಕಿದ.

ಮಾವನ ಕಣ್ಣಿನ ವಿಷಯ ಗೊತ್ತಾದದ್ದು ಇದಾದ ಸ್ವಲ್ಪ ಸಮಯಕ್ಕೆ. ಅವರು ಬಾಗಿಲ ಚೌಕಟ್ಟಿಗೆ ಎಡ ಭುಜ ತಾಗಿಸಿಕೊಳ್ಳುತ್ತಿದ್ದರು, ಎಡಕ್ಕಿಟ್ಟ ಲೋಟ ಕೆಡವುತ್ತಿದ್ದರು. ದೊಡ್ಡಳಿಯನೇ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ಡಬ್ಬಿಯಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ಹೊರಗೆ ಕೂತಿದ್ದ ಅವನಿಗೆ ಆ ಗುಂಡಿಯ ಟಕ್ ಸದ್ದು ಕೇಳುತ್ತಿತ್ತು. ನಡುನಡುವೆ ಎಷ್ಟು ಹೊತ್ತಾದರೂ ಕೇಳುತ್ತಿರಲಿಲ್ಲ.

“ಇದು ಗ್ಲಾಕೋಮಾ,” ಎಂದರು ಡಾಕ್ಟರು. “ಪಕ್ಕದ ನೋಟ ಹೋಗಿದೆ. ಎಡಗಡೆ ಬಹಳ ಹೋಗಿದೆ. ಎದುರಿಗಿರೋದು ಕಾಣುತ್ತೆ, ಅದಕ್ಕೇ ಇವರಿಗೆ ಗೊತ್ತಾಗಿಲ್ಲ. ಇರೋದನ್ನ ಉಳಿಸಿಕೊಳ್ಳೋಕೆ ಹನಿ ಹಾಕಬೇಕು. ಗಾಡಿ ಗೀಡಿ ಓಡಿಸ್ತಾರಾ?”

“ಇಲ್ಲ ಇಲ್ಲ,” ಎಂದರು ಮಾವ, ಥಟ್ಟನೆ.

ಬಯಲಿನಲ್ಲಿ ಚಿಕ್ಕಳಿಯ ಇವರ ಕೈಗೆ ಜೀಪು ಕೊಡುತ್ತಾನೆಂಬುದು ಮನೆಯವರಿಗೆಲ್ಲ ಗೊತ್ತಿತ್ತು. ದೊಡ್ಡಳಿಯ ಸುಮ್ಮನಿದ್ದ. ಹೊರಗೆ ಬಂದ ಮೇಲೆ ಮಾವ ಅವನ ಕೈ ಹಿಡಿದುಕೊಂಡರು.

“ಮನೇಲಿ ಹೇಳಬೇಡಿ. ಹೆಣ್ಣುಮಕ್ಕಳು ಸುಮ್ನೆ ಅಳ್ತಾರೆ. ಚಿಕ್ಕವನಿಗಂತೂ ಹೇಳಲೇಬೇಡಿ. ನಿಮ್ಮನ್ನ ನಂಬಿದೀನಿ.”

ಅವನು ಉಬ್ಬಿಹೋದ. ಕೊನೆಗೂ ಮಾವನ ಒಂದು ವಿಷಯ ತನ್ನೊಬ್ಬನದಾಯಿತಲ್ಲ! ಕಣ್ಣಿಗೆ ಹನಿ ಹಾಕುವಾಗ ಬಾಗಿಲು ಮುಂದೆ ಮಾಡಿಕೊಳ್ಳುವುದರಲ್ಲೂ ಒಂದು ಸುಖವಿತ್ತು. ಆ ಉಬ್ಬು ಕೆಲವು ವಾರ ಉಳಿಯಿತು. ಆಮೇಲೊಂದು ಮಧ್ಯಾಹ್ನ, ಬೆಡ್‌ಶೀಟು ಮಡಿಸುತ್ತಿದ್ದಾಗ, ಅವನಿಗೆ ಇನ್ನೊಂದು ಹೊಳೆಯಿತು. ಮಾವ ಕುರುಡಾಗುತ್ತಿರುವುದನ್ನು ತಾನು ನೋಡಿದರೆ ಪರವಾಗಿಲ್ಲ, ಚಿಕ್ಕಳಿಯ ನೋಡಬಾರದು. ಯಾರ ಕಣ್ಣಲ್ಲಿ ಸಣ್ಣವರಾಗಬಾರದೆಂದು ಅವರಿಗಿತ್ತೋ ಅವನಿಂದ ಮುಚ್ಚಿಟ್ಟಿದ್ದರು. ಬೆಡ್‌ಶೀಟಿನ ಮೂಲೆಗಳು ಅವನ ಕೈಯಲ್ಲಿ ಎಷ್ಟು ಸಲ ಮಡಿಸಿದರೂ ಕೂಡಲಿಲ್ಲ.

ಮುಂದಿನ ರಜೆಗೆ ಹಾರ್ನ್ ಕೇಳಿಸಿದಾಗ ಅವನು ಚೀಲ ಕಟ್ಟಿಕೊಂಡು ಸಿದ್ಧನಾಗಿದ್ದ.

“ನಾನೂ ಬರ್ತೀನಿ.”

ಹೆಂಡತಿ ನಕ್ಕುಬಿಟ್ಟಳು. “ನೀವಾ? ಲಾಡ್ಜಲ್ಲಿ ದಿಂಬು ಬದಲಾದ್ರೇ ನಿದ್ದೆ ಬರಲ್ಲ ನಿಮಗೆ. ಅಲ್ಲಿ ಕಲ್ಲಿನ ಮೇಲೆ ಮಲಗ್ತೀರಾ? ಗುದ್ದಲಿ ಹಿಡ್ಕೊಂಡು ಪೊದೆ ಹಿಂದೆ ಹೋಗ್ಬೇಕು, ಗೊತ್ತಾ?”

“ಬನ್ನಿ ಭಾವ, ಮಜಾ ಇರುತ್ತೆ!” ಎಂದ ಚಿಕ್ಕಳಿಯ ಕೆಳಗಿನಿಂದ. ಅವನ ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಅದೂ ದೊಡ್ಡಳಿಯನಿಗೆ ಸಹಿಸಲಾಗದ ವಿಷಯವೇ. ಮಾವ ಮಾತ್ರ ಒಂದು ಕ್ಷಣ ಅವನ ಮುಖ ನೋಡಿ, “ಅಂಗಡಿ?” ಎಂದರು.

ಮಾವನ ಕಣ್ಣಿನ ಮೇಲೆ ನಿಗಾ ಇಡಲು ಹೋಗುತ್ತಿದ್ದೇನೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ನಿಜವಾಗಿ ಅವನಿಗೆ ಬೇಕಿದ್ದದ್ದು, ತನ್ನ ಮನೆಯಲ್ಲಿ ಕಾಣದ ಮಾವ ಅಲ್ಲಿ ಹೇಗಿರುತ್ತಾರೆ ಎಂದು ನೋಡುವುದು.

ಡಾಂಬರು ರಸ್ತೆ ಕಲ್ಲಿನ ಕ್ವಾರಿಯ ಹತ್ತಿರ ಮುಗಿಯಿತು. ಚಿಕ್ಕಳಿಯ ಇಳಿದು ನಾಲ್ಕೂ ಟೈರುಗಳ ಗಾಳಿ ಸ್ವಲ್ಪ ಸ್ವಲ್ಪ ಬಿಟ್ಟ. ಮೆತ್ತಗಾದರೆ ಮರಳಿನಲ್ಲಿ ಹೂತುಕೊಳ್ಳುವುದಿಲ್ಲವಂತೆ. ಅಲ್ಲಿಂದ ಮುಂದೆ ದಾರಿಯೆಂದರೆ ಯಾರದೋ ಹಳೆಯ ಚಕ್ರದ ಗುರುತು, ಆಮೇಲೆ ಅದೂ ಇಲ್ಲ. ಮುಂದಿನ ಸೀಟಿನಲ್ಲಿ ಮಾವ ಕೈ ಎತ್ತಿ “ಲೈನ್ ಕ್ಲಿಯರ್!” ಎಂದು ಕೂಗಿದಾಗೆಲ್ಲ ಚಿಕ್ಕಳಿಯ ಬಾಯಿಂದಲೇ ಇಂಜಿನಿನ ಶಿಳ್ಳೆ ಹಾಕುತ್ತಿದ್ದ. ಹಿಂದಿನ ಸೀಟಿನಲ್ಲಿ ದೊಡ್ಡಳಿಯ, ತೊಡೆಯ ಮೇಲೊಂದು ಕ್ಯಾನು, ಕಾಲ ಬಳಿ ಡೇರೆಯ ಗಂಟು, ಪ್ರತಿ ಗುಂಡಿಗೂ ತಲೆ ಮೇಲಿನ ಕಬ್ಬಿಣಕ್ಕೆ ಬಡಿದುಕೊಳ್ಳುತ್ತಿದ್ದ. ಯಾವ ತಮಾಷೆಗೆ ನಗಬೇಕು, ಯಾವಾಗ ನಗಬೇಕು ಎಂದು ಅವನಿಗೆ ತಿಳಿಯಲಿಲ್ಲ. ಅವನು ನಗುವ ಹೊತ್ತಿಗೆ ಅವರಿಬ್ಬರದು ಮುಗಿದಿರುತ್ತಿತ್ತು.

ಸಂಜೆಯ ಬಿಸಿಲಿನಲ್ಲಿ ಆ ಬಯಲು ಎದುರಾಯಿತು. ಕೆರೆಯ ತಳ ಬಿಳಿಯಾಗಿ ಒಣಗಿ, ಹೆಂಚಿನ ಚೂರುಗಳಂತೆ ಬಿರುಕುಬಿಟ್ಟಿತ್ತು. ಮುಳ್ಳುಪೊದೆಗಳು ಬಿಟ್ಟರೆ ನೆರಳಿಲ್ಲ. ಜನರ ಸುಳಿವಿಲ್ಲ. ಬಹಳ ದೂರದಲ್ಲಿ ರೈಲುಹಳಿಯ ದಿಬ್ಬ ಒಂದು ಗೆರೆಯಂತೆ ಕಾಣುತ್ತಿತ್ತು. ಅವನು ಇಂಥ ಜಾಗ ನೋಡಿರಲಿಲ್ಲ. ಚೆಲುವು ಅವನ ಕಣ್ಣಿಗೂ ಬಿತ್ತು. ಆದರೆ ಇದು ಚಿಕ್ಕಳಿಯ ಕೊಟ್ಟ ಚೆಲುವು ಎಂದು ನೆನಪಾದೊಡನೆ ಅದು ಬಾಯಲ್ಲಿ ಕಹಿಯಾಯಿತು.

ಡೇರೆ ಹಾಕುತ್ತಿದ್ದಾಗ ಗೂಡ್ಸ್ ರೈಲೊಂದು ಬಂತು. ಮಾವ ಕುರ್ಚಿಯಿಂದ ಎದ್ದು ನಿಂತು, ಎರಡೂ ಕೈ ಮೇಲೆತ್ತಿ ಬೀಸಿದರು. ಅಷ್ಟು ದೂರಕ್ಕೆ ಕಂಡಿತೋ ಇಲ್ಲವೋ, ಇಂಜಿನ್ ಉದ್ದಕ್ಕೆ ಕೂಗಿತು.

“ನೋಡಿದೆಯೇನೋ! ನನ್ನನ್ನ ಕಂಡ ಅವನು!” ಮಾವ ಕೈ ಚಾಚಿ ಚಿಕ್ಕಳಿಯನ ಹೆಗಲು ಹಿಡಿದರು. ಇಬ್ಬರೂ ಕೊನೆಯ ಡಬ್ಬಿ ಮರೆಯಾಗುವ ತನಕ ಹಾಗೇ ನಿಂತರು. ಈಚೆ ದೊಡ್ಡಳಿಯ ಡೇರೆಯ ಗೂಟ ಹೊಡೆಯುತ್ತಿದ್ದ. ಅವನು ಹೊಡೆದ ಗೂಟಗಳೆಲ್ಲ ಓರೆಯಾಗಿದ್ದವು. ಗಾಳಿ ಬೀಸಿದ ತಕ್ಷಣ ಡೇರೆ ಅವನ ಮೇಲೆಯೇ ಕುಸಿಯಿತು. ಅವರಿಬ್ಬರೂ ಓಡಿಬಂದು ಬಟ್ಟೆಯೊಳಗಿಂದ ಅವನನ್ನು ಎಳೆದು ತೆಗೆದರು, ನಗುತ್ತ.

ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಚಹಾ. ತಿನ್ನುತ್ತ ಮಾವ ಒಂದು ಕಥೆ ತೆಗೆದರು. ಹೊಸದಾಗಿ ಕೆಲಸಕ್ಕೆ ಸೇರಿದಾಗ, ಈ ಬಯಲಿನಲ್ಲೇ ಒಮ್ಮೆ ಹಳಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಎಷ್ಟು ಕೂಗು ಹಾಕಿದರೂ ಏಳಲಿಲ್ಲ. ಬ್ರೇಕು ಹಾಕಿದಾಗ ಇಂಜಿನ್ ಅವಳ ಬೆನ್ನ ಹತ್ತಿರ ಬಂದು ನಿಂತಿತು. ಇಳಿದು ನೋಡಿದರೆ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಚಪ್ಪಲಿಗೆ ಚುಚ್ಚಿದ ಮುಳ್ಳು ತೆಗೆಯುತ್ತಿದ್ದಳು. ತಿರುಗಿ ಇಂಜಿನ್ ನೋಡಿದವಳು ಹೆದರುವ ಬದಲು ಮಾವನನ್ನೇ ಬೈದಳಂತೆ. ‘ಅವತ್ತು ಮನೆಗೆ ಹೋಗಿ ನಿಮ್ಮ ಅತ್ತೆ ಮಡಿಲಲ್ಲಿ ತಲೆ ಇಟ್ಟು ಅತ್ತುಬಿಟ್ಟೆ’ ಎಂದರು ಮಾವ.

“ಈ ಕಥೆ ನನಗೆ ಯಾವತ್ತೂ ಹೇಳೇ ಇಲ್ಲ ನೀವು,” ಎಂದ ದೊಡ್ಡಳಿಯ. ಅಂದುಕೊಂಡದ್ದಕ್ಕಿಂತ ದನಿ ಗಡುಸಾಗಿತ್ತು.

ಮಾವ ತುಸು ತಬ್ಬಿಬ್ಬಾದರು. “ನೀವು ಕೇಳೇ ಇಲ್ಲವಲ್ಲ ಅಳಿಯಂದಿರೇ.”

ಅವನು ಎದ್ದು ಮಾತ್ರೆ ಡಬ್ಬಿ, ಕಣ್ಣಿನ ಹನಿ ತಂದ. ಮಾವ ಸಿಡಿಮಿಡಿಯಿಂದ, “ಇಲ್ಲೂನಾ?” ಎಂದು, ಹನಿಯ ಸೀಸೆಯನ್ನು ಅಂಗೈಯಲ್ಲಿ ಅಡಗಿಸಿಕೊಂಡು ಡೇರೆಯೊಳಗೆ ಹೋದರು.

ಬೆಳಿಗ್ಗೆ ತಂಪಿತ್ತು. ದೊಡ್ಡಳಿಯ ಚಹಾದ ಲೋಟಗಳನ್ನು ಒಂದೇ ಬೊಗಸೆ ನೀರಿನಲ್ಲಿ ತೊಳೆಯುತ್ತಿದ್ದ. ಚಿಕ್ಕಳಿಯ ಜೀಪಿನ ಕೀಲಿ ಕುಣಿಸುತ್ತ ಬಂದ.

“ಏಳಿ ಡ್ರೈವರ್ ಸಾಹೇಬ್ರೇ. ಡ್ಯೂಟಿ ಟೈಮ್!”

ಮಾವ ಎದ್ದರು. ಕೀಲಿ ತೆಗೆದುಕೊಂಡು, ಜೀಪಿನ ಕಡೆ ಹೊರಟವರು ಒಮ್ಮೆ ತಿರುಗಿ ದೊಡ್ಡಳಿಯನನ್ನು ನೋಡಿದರು. ಆ ನೋಟ ‘ಹೇಳಬೇಡಿ’ ಎಂದು ಬೇಡುತ್ತಿತ್ತು. ತಡೆಯಲು ಅವನ ಒಂದೇ ಒಂದು ‘ಬೇಡ’ ಸಾಕಿತ್ತು. ಅದು ಅವನ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಬಯಲು ತಟ್ಟೆಯ ಹಾಗಿದೆ, ಗುದ್ದಲು ಏನಿದೆ ಇಲ್ಲಿ ಎಂದುಕೊಂಡ. ಕೊಟ್ಟ ಮಾತು ಎಂದುಕೊಂಡ. ಇವೆರಡರ ಅಡಿಯಲ್ಲಿ ಮೂರನೆಯದೊಂದು ಇತ್ತು, ಅದನ್ನೂ ಅವನು ಸ್ಪಷ್ಟವಾಗಿಯೇ ಕಂಡ: ಹೋಗಲಿ, ಏನಾದರೊಂದು ಎಡವಟ್ಟಾಗಲಿ. ಆ ಒದ್ದೆ ತಲೆಯವನಿಗೆ ಒಮ್ಮೆ ಗೊತ್ತಾಗಲಿ, ಮಾವನ ಬಗ್ಗೆ ಅವನಿಗೆ ಏನೂ ಗೊತ್ತಿಲ್ಲವೆಂದು. ಅವನು ಬಗ್ಗಿ ಲೋಟ ಉಜ್ಜಿದ.

ಜೀಪು ಕೆರೆಯ ಅಂಗಳದಲ್ಲಿ ದೊಡ್ಡದೊಂದು ಸುತ್ತು ಹಾಕಿತು. ಬಿಳಿ ಧೂಳು ಬಾಲದಂತೆ ಎದ್ದಿತು. ಪಕ್ಕದಲ್ಲಿ ಚಿಕ್ಕಳಿಯ ಸೊಂಟದ ಪಟ್ಟಿ ಹಾಕಿಕೊಳ್ಳದೆ, ಅರ್ಧ ಹೊರಗೆ ಬಾಗಿ ಮಾವನ ಫೋಟೋ ತೆಗೆಯುತ್ತಿದ್ದ. ಎರಡನೆಯ ಸುತ್ತಿಗೆ ಮಾವ ದಡದ ಹತ್ತಿರ ತಿರುಗಿಸಿದರು. ಅಲ್ಲಿ ಮಳೆನೀರು ಕೊರೆದ ಕೊರಕಲೊಂದು ಎಡಗಡೆಯಿಂದ ಓರೆಯಾಗಿ ಬಂದಿತ್ತು. ದೊಡ್ಡಳಿಯನಿಗೆ ಕುಳಿತಲ್ಲಿಂದಲೇ ಅದು ಕಾಣುತ್ತಿತ್ತು. “ಎಡಕ್ಕೆ ನೋಡಿ! ಮಾವಾ, ಎಡಕ್ಕೆ!” ಎಂದು ಚೀರುತ್ತ ಓಡಿದ. ಇಂಜಿನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಎಡಚಕ್ರ ಕೊರಕಲಿಗೆ ಇಳಿಯಿತು, ಜೀಪು ನಿಧಾನವಾಗಿ, ದಣಿದ ಎಮ್ಮೆ ಮಗ್ಗುಲಾದ ಹಾಗೆ ಎಡಕ್ಕೆ ಮಲಗಿತು.

ಮಾವನಿಗೆ ಹಣೆ ತರಚಿತ್ತು, ಅಷ್ಟೇ. ಚಿಕ್ಕಳಿಯನನ್ನು ಹೊರಗೆಳೆದಾಗ ಅವನ ಎಡಗೈ ವಿಚಿತ್ರವಾಗಿ ಜೋತುಬಿದ್ದಿತ್ತು. ಭುಜದ ಮೂಳೆ ಇರಬಾರದ ಕಡೆ ಉಬ್ಬಿತ್ತು. ಮುಖ ಕಾಗದದ ಹಾಗೆ ಬಿಳುಚಿದರೂ ಅವನು ಮೊದಲು ಕೇಳಿದ್ದು, “ಮಾವ, ನಿಮಗೇನೂ ಆಗ್ಲಿಲ್ಲ ತಾನೇ?”

ಮಾವ ಧೂಳಿನಲ್ಲಿ ಕೂತುಬಿಟ್ಟಿದ್ದರು. “ನನಗೆ ಕಾಣಲಿಲ್ಲ ಕಣೋ.”

“ಅಷ್ಟು ದೊಡ್ಡ ಕೊರಕಲು...”

“ಅವರಿಗೆ ಎಡಗಡೆ ಕಾಣಲ್ಲ,” ಎಂದ ದೊಡ್ಡಳಿಯ. “ಕಣ್ಣು ಹೋಗ್ತಾ ಇದೆ.”

ಚಿಕ್ಕಳಿಯ ಒಮ್ಮೆ ಅವರನ್ನು, ಒಮ್ಮೆ ಇವನನ್ನು ನೋಡಿದ. “ನಿಮಗೆ ಗೊತ್ತಿತ್ತಾ ಭಾವ?”

“ನಾನೇ ಹೇಳಬೇಡಿ ಅಂದಿದ್ದೆ,” ಎಂದರು ಮಾವ, ನೆಲ ನೋಡುತ್ತ. “ಅವರದೇನೂ ತಪ್ಪಿಲ್ಲ. ಮಾತು ತಗೊಂಡಿದ್ದೆ.”

ಚಿಕ್ಕಳಿಯನ ಕಣ್ಣು ದೊಡ್ಡಳಿಯನ ಮುಖದಿಂದ ಕದಲಲಿಲ್ಲ.

ಫೋನಿಗೆ ಸಿಗ್ನಲ್ ಇರಲಿಲ್ಲ. ಜೀಪನ್ನು ಎತ್ತುವುದು ಮೂವರಿಂದ ಆಗದ ಕೆಲಸ. ಹಳಿಯ ಪಕ್ಕ ರೈಲ್ವೆಯ ಕಾವಲುಗಾರನ ಗುಡಿಸಲೊಂದಿದೆ, ಅಲ್ಲಿ ಯಾವಾಗಲೂ ಒಬ್ಬ ಇರುತ್ತಾನೆ ಎಂದರು ಮಾವ. ದೊಡ್ಡಳಿಯ ದಿಂಬಿನ ಹೊದಿಕೆ ಹರಿದು ಚಿಕ್ಕಳಿಯನ ಕೈಯನ್ನು ಕೊರಳಿಗೆ ಕಟ್ಟಿದ. ನೀರು ಹಿಡಿದು ಮೂವರೂ ಹೊರಟರು. ಚಿಕ್ಕಳಿಯ ಹಲ್ಲು ಕಚ್ಚಿಕೊಂಡು ಮುಂದೆ. ಹಿಂದೆ ಮಾವನ ಎಡ ಮೊಣಕೈ ಹಿಡಿದು ದೊಡ್ಡಳಿಯ. ಮಾವ ಈಗ ಕಾಣುವವರಂತೆ ನಟಿಸುತ್ತಿರಲಿಲ್ಲ. ಕಲ್ಲು ಬಂದರೆ ‘ಕಲ್ಲು’ ಎನ್ನುತ್ತಿದ್ದ, ಅವರು ಕಾಲೆತ್ತುತ್ತಿದ್ದರು.

ಅರ್ಧ ದಾರಿಯಲ್ಲಿ ದೊಡ್ಡಳಿಯ ತಡೆಯಲಾರದೆ ಕೇಳಿದ. “ನನ್ನಲ್ಲಿ ಏನು ಕಮ್ಮಿ ಮಾವ? ಎಲ್ಲ ನಾನೇ ಮಾಡ್ತೀನಿ. ಆದರೂ ಪ್ರಾಣ ಅವನ ಮೇಲೆ.”

ಅಂಥ ಹೊತ್ತಿನಲ್ಲಿ ಅಂಥ ಪ್ರಶ್ನೆ! ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

“ನಿಮ್ಮ ಮುಖ ನೋಡಿದ್ರೆ ನನಗೆ ಮಾತ್ರೆ ನೆನಪಾಗುತ್ತೆ,” ಎಂದರು ಮಾವ. “ಏನು ಮಾಡ್ಲಿ? ನೀವು ಒಳಗೆ ಬಂದ್ರೆ ನನ್ನ ಮಂಡಿ, ನನ್ನ ಹಲ್ಲು, ನನ್ನ ಕಣ್ಣು ಎಲ್ಲ ಎದ್ದು ನಿಂತ್ಕೊಳ್ತವೆ. ಅವನು ಬಂದ್ರೆ ನನಗೆ ವಯಸ್ಸೇ ಆಗಿಲ್ಲ ಅನ್ಸುತ್ತೆ. ನಿಮ್ಮ ಋಣ ದೊಡ್ಡದು, ಅದು ಗೊತ್ತು ನನಗೆ. ಋಣ ಇರೋರ ಜೊತೆ ನಗೋದು ಕಷ್ಟ.” ಮತ್ತೆ ಹೇಳಿದರು, “ನೀವೂ ಯಾವತ್ತೂ ಸುಮ್ನೆ ಬಂದು ಕೂತಿಲ್ಲ. ಬಂದಾಗೆಲ್ಲ ಕೈಲಿ ಏನಾದ್ರೂ ಇರುತ್ತೆ. ಸೀಸೆನೋ, ಲೋಟನೋ.”

ಅವನಿಗೆ ಸಿಟ್ಟು ಬಂತು. ಇಷ್ಟು ವರ್ಷ ಮಾಡಿದ್ದಕ್ಕೆ ಇದೇ ತೀರ್ಪೇ? ಉತ್ತರ ಹುಡುಕುತ್ತ ಅವನು ಎಚ್ಚರ ತಪ್ಪಿದ. ಮಾವ ಒಂದು ಕಲ್ಲಿಗೆ ಮುಗ್ಗರಿಸಿದರು.

“ಲೋ! ಕಲ್ಲು ಅಂತ ಹೇಳೋಕೇನಾಗಿತ್ತೋ ನಿನಗೆ!” ಎಂದು ಗದರಿದವರು ಮರುಕ್ಷಣ, “ಕ್ಷಮಿಸಿ ಅಳಿಯಂದಿರೇ” ಎಂದರು.

“ಇರಲಿ ಬಿಡಿ,” ಎಂದ ಅವನು. ಬಯಸಿ ಬಯಸಿ ಕಾದಿದ್ದ ಮಾತು ಕಿವಿಗೆ ಬಿದ್ದಿತ್ತು. ಎದುರಿಗೆ ಚಿಕ್ಕಳಿಯ ಮುರಿದ ಭುಜವನ್ನು ಎತ್ತಿಹಿಡಿದುಕೊಂಡು ಓಲಾಡುತ್ತ ನಡೆಯುತ್ತಿದ್ದ. ಅದನ್ನು ನೋಡುತ್ತ ಆ ಮಾತಿನಿಂದ ಅವನಿಗೆ ಯಾವ ಸಂತೋಷವೂ ಆಗಲಿಲ್ಲ.

ಕಾವಲುಗಾರ ತಂತಿಯ ಫೋನಿನಿಂದ ಹೇಳಿ, ರೈಲ್ವೆಯ ದುರಸ್ತಿ ಗಾಡಿ ತರಿಸಿದ. ಅಂದೇ ಆಸ್ಪತ್ರೆ ಸೇರಿದರು. ಚಿಕ್ಕಳಿಯನ ಭುಜಕ್ಕೆ ಆಪರೇಷನ್ ಮಾಡಿ ಲೋಹದ ಪಟ್ಟಿ ಕೂಡಿಸಿದರು. ಮೂಳೆ ಕೂಡಿಕೊಳ್ಳುತ್ತದೆ, ಆದರೆ ಮೊದಲಿನಂತೆ ಈಜುವುದು ಅನುಮಾನ ಎಂದರು ಡಾಕ್ಟರು. ನಾದಿನಿ ಅಪ್ಪನನ್ನು ಕಟ್ಟಿಕೊಂಡು ಅತ್ತಳು. ಕಣ್ಣಿನ ವಿಷಯ ಮನೆಗೆಲ್ಲ ತಿಳಿಯಿತು. ವಿಚಿತ್ರವೆಂದರೆ, ದೊಡ್ಡಳಿಯನನ್ನು ಯಾರೂ ದೂರಲಿಲ್ಲ.

“ಪಾಪ, ಅಪ್ಪನಿಗೆ ಮಾತು ಕೊಟ್ಟು ಇಕ್ಕಟ್ಟಿಗೆ ಸಿಕ್ಕಿಕೊಂಡ್ರಿ ನೀವು,” ಎಂದಳು ಹೆಂಡತಿ. “ಒಳಗೊಳಗೇ ಎಷ್ಟು ನೊಂದಿದ್ರೋ.”

ಅವನು ಊಟದ ತಟ್ಟೆ ಬಿಟ್ಟು ಎದ್ದ. ಹೊಗಳಿಕೆಗಾಗಿ ಹಸಿದಿದ್ದವನಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಅಂದಿನಿಂದ ಅವನು ಚಿಕ್ಕಳಿಯನ ಮನೆಗೂ ಓಡಾಡತೊಡಗಿದ. ಬಟ್ಟೆ ಒಯ್ದು ಒಗೆದು ತಂದುಕೊಟ್ಟ, ಔಷಧಿ ತಂದ, ಜೀಪನ್ನು ಬಯಲಿನಿಂದ ಎಳೆಸಿ ತರಿಸಿ ಗ್ಯಾರೇಜಿಗೆ ಬಿಟ್ಟ. ಚಿಕ್ಕಳಿಯ ‘ಥ್ಯಾಂಕ್ಸ್ ಭಾವ’ ಎನ್ನುತ್ತಿದ್ದ; ಮೊದಲಿನ ಗಂಟಲು ಅದರಲ್ಲಿ ಇರಲಿಲ್ಲ.

ಕೊನೆಗೊಂದು ದಿನ ಅವನು ಈಜುಕೊಳಕ್ಕೇ ಹೋದ. ಚಿಕ್ಕಳಿಯ ದಡದ ಕುರ್ಚಿಯಲ್ಲಿ, ಕೈ ಜೋಲಿಯಲ್ಲಿಟ್ಟುಕೊಂಡು, ಸೀಟಿ ಊದುತ್ತ ಕಲಿಯುವವರಿಗೆ ಹೇಳಿಕೊಡುತ್ತಿದ್ದ. ನೀರಿಗಿಳಿಯಲಾಗದ ಅವನ ತಲೆ ಒಣಗಿತ್ತು. ಒಣ ಕೂದಲಲ್ಲಿ ಅವನು ಬೇರೆ ಯಾರೋ ಎಂಬಂತೆ ಕಾಣುತ್ತಿದ್ದ.

“ಮಾತು ಕೊಟ್ಟಿದ್ದಕ್ಕೆ ನಾನು ಸುಮ್ನಿದ್ದಿದ್ದಲ್ಲ,” ಎಂದ ದೊಡ್ಡಳಿಯ, ನಿಂತಲ್ಲೇ. “ಹೊಟ್ಟೆಕಿಚ್ಚು. ನಿನ್ನ ಎದುರು ಮಾವ ಒಂದು ಸಲ ಎಡವಲಿ ಅಂತ ಇತ್ತು ನನಗೆ. ಇಷ್ಟಾಗುತ್ತೆ ಅಂದ್ಕೊಂಡಿರಲಿಲ್ಲ. ಆದರೆ ಸ್ವಲ್ಪ ಆಗಲಿ ಅಂದ್ಕೊಂಡಿದ್ದೆ.”

ಚಿಕ್ಕಳಿಯ ನೀರು ನೋಡುತ್ತ ಕೂತ. “ನನಗೆ ಅವತ್ತೇ ಅನ್ಸಿತ್ತು. ನೀವು ಲೋಟ ತೊಳೀತಾ ಇದ್ರಿ, ನಮ್ಮ ಕಡೆ ನೋಡ್ಲೇ ಇಲ್ಲ.” ಅವನು ಸೀಟಿಯನ್ನು ಬೆರಳಿಗೆ ಸುತ್ತಿದ. “ನಿಮಗೆ ನಾನಂದ್ರೆ ಆಗಲ್ಲ ಅಂತ ಗೊತ್ತಿತ್ತು ಭಾವ. ಅದನ್ನ ಹೇಗೋ ತಡ್ಕೊಂಡಿದ್ದೆ. ಇದನ್ನ ತಡ್ಕೊಳ್ಳೋಕೆ ಟೈಮ್ ಬೇಕು.”

“ತಗೋ.”

“ಮತ್ತೆ ಒಂದು ಮಾತು. ದಿನಾ ಬಟ್ಟೆ ಹೊತ್ಕೊಂಡು ಬರಬೇಡಿ. ಪ್ರಾಯಶ್ಚಿತ್ತ ಮಾಡೋಕೆ ನಮ್ಮನೆ ಬೇಡ. ಬರೋದಾದ್ರೆ ಸುಮ್ನೆ ಬನ್ನಿ.”

ಸುಮ್ಮನೆ ಹೋಗುವುದು ಅವನಿಗೆ ಬರುತ್ತಿರಲಿಲ್ಲ. ಒಂದಷ್ಟು ದಿನ ಹೋಗಲೇ ಇಲ್ಲ. ಆಮೇಲೊಂದು ಭಾನುವಾರ ಬರಿಗೈಯಲ್ಲಿ ಹೋದ. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡು ಕೂತ. ಇಬ್ಬರೂ ಟೀವಿಯಲ್ಲಿ ಯಾವುದೋ ಆಟ ನೋಡಿದರು. ಮನೆಗೆ ಬಂದವನು ಹಾಗೇ ಮಾವನ ಕೋಣೆಗೆ ಹೋಗಿ, ಅವರ ಮಂಚದ ತುದಿಯಲ್ಲಿ ಕೂತುಕೊಂಡ. “ಏನಾಯ್ತು?” ಎಂದು ಮಾವ ಗಾಬರಿಯಾದರು. “ಏನೂ ಇಲ್ಲ. ಆ ಕಿವಿ ಕೇಳದ ಹೆಂಗಸು... ಮತ್ತೆ ಯಾವತ್ತಾದ್ರೂ ಸಿಕ್ಕಿದ್ಲಾ?” ಎಂದ. ಮಾವ ಅನುಮಾನದಿಂದ ಅವನ ಮುಖ ನೋಡಿ, ಆಮೇಲೆ ಕಾಲು ಸರಿಸಿ ಜಾಗ ಕೊಟ್ಟರು.

ಮುಂದಿನ ಸಲ ಬಯಲಿಗೆ ಹೋದದ್ದು ಲಾಂಡ್ರಿಯ ವ್ಯಾನಿನಲ್ಲಿ. ಜೀಪು ರಿಪೇರಿಯಾಗಿತ್ತು, ಆದರೆ ಚಿಕ್ಕಳಿಯನ ಕೈಗೆ ಗೇರು ಎಳೆಯುವ ಬಲ ಇನ್ನೂ ಬಂದಿರಲಿಲ್ಲ. ಆ ಜೀಪು ದೊಡ್ಡಳಿಯನ ಕೈಗೆ ಬಗ್ಗಲಿಲ್ಲ. ವ್ಯಾನು ಕ್ವಾರಿ ದಾಟಿ ಸ್ವಲ್ಪ ದೂರದಲ್ಲೇ ಮರಳಿಗೆ ಸೋತಿತು. ಕೆರೆಗೆ ಹೋಗಲಾಗಲಿಲ್ಲ. ಒಂದು ಬಂಡೆಯ ಮರೆಯಲ್ಲಿ ಡೇರೆ ಹಾಕಿದರು. ಮಾವ ಬಂದಾಗಿನಿಂದ ಗೊಣಗುತ್ತಿದ್ದರು: ಇಲ್ಲಿಂದ ರೈಲು ಕಾಣಲ್ಲ, ಚಹಾ ನೀರಾಗಿದೆ, ಚಿಕ್ಕವನು ಮಾಡುವ ಚಹಾ ಎಲ್ಲಿ ಇದೆಲ್ಲಿ. ದೊಡ್ಡಳಿಯ ಒಲೆಯ ಮುಂದೆ ಕೂತು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಆಲೂಗಡ್ಡೆ ಬೇಯಿಸುತ್ತಿದ್ದ.

ಆಚೆ ಕುರ್ಚಿಗಳಲ್ಲಿ ಅವರಿಬ್ಬರೂ ಏನೋ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಮಾವನಿಗೆ ಕೆಮ್ಮು ಹತ್ತುವಷ್ಟು ನಗು. ಅವನ ಹೊಟ್ಟೆಯೊಳಗೆ ಅದೇ ಹಳೆಯ ಕಿಚ್ಚು ಚುರ್ ಎಂದಿತು. ಅದು ಹೋಗಿರಲಿಲ್ಲ. ಹೋಗುತ್ತದೆಂಬ ನಂಬಿಕೆಯೂ ಅವನಿಗೀಗ ಇರಲಿಲ್ಲ. ಚಮಚ ಕೆಳಗಿಟ್ಟು ಎದ್ದುಹೋಗಿ, ಅವರ ನಡುವೆ ನೆಲದ ಮೇಲೆ ಕೂತ.

“ಏನದು? ನನಗೂ ಹೇಳಿ.”

“ಅಯ್ಯೋ, ಅದು ಬಿಡಿ ಭಾವ, ಅವತ್ತು ಒಂದು ನರಿ ಬಂದಿತ್ತು...” ಎಂದ ಚಿಕ್ಕಳಿಯ, ಕಣ್ಣೊರೆಸಿಕೊಳ್ಳುತ್ತ.

“ಬಿಡಬೇಡ. ಮೊದಲಿಂದ ಹೇಳು.”

ಅವರು ಮೊದಲಿನಿಂದ ಹೇಳಿದರು. ನರಿ ಬಂದದ್ದು, ಮಾವನ ಹಲ್ಲಿನ ಸೆಟ್ಟು ಇಟ್ಟಿದ್ದ ಡಬ್ಬಿ ಕಚ್ಚಿಕೊಂಡು ಓಡಿದ್ದು, ಚಿಕ್ಕಳಿಯ ಚಡ್ಡಿಯಲ್ಲಿ ಅದರ ಬೆನ್ನು ಹತ್ತಿದ್ದು. ಅವನಿಗೆ ಅಷ್ಟೇನೂ ನಗು ಬರಲಿಲ್ಲ. ಅಲ್ಲಿದ್ದವರಿಗೆ ಮಾತ್ರ ಬರುವ ನಗು ಅದು. ನಡುನಡುವೆ ಅವನು ‘ಆಮೇಲೆ?’ ಎಂದು ಕೇಳುತ್ತಲೇ ಇದ್ದ. ಹಿಂದೆ ಒಲೆಯ ಮೇಲೆ ಆಲೂಗಡ್ಡೆ ಸೀಯುವ ವಾಸನೆ ಬರತೊಡಗಿದರೂ ಏಳಲಿಲ್ಲ.